ಸಂಡೂರು: ಕೆಳಗೆ ಕಣಿವೆ ಒಬ್ಬರದು, ಮೇಲೆ ಗುಡ್ಡ ಇನ್ನೊಬ್ಬರದು

(ನಮ್ಮ ಓದುಗರ ಬಳಗದಲ್ಲಿ ಮಾತಾಡಿದ್ದನ್ನ ಬರಹಕ್ಕಿಳಿಸಿದೀನಿ. ಮಾತಿನ ಧಾಟಿ ಹಾಗೇ ಇಟ್ಟಿದೀನಿ, ತೀರಾ ಅಡ್ಡಾದಿಡ್ಡಿ ಹೋದ ಕಡೆ ಮಾತ್ರ ಸ್ವಲ್ಪ ಕತ್ತರಿ ಆಡಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಸಂಡೂರು ಅಂದ ಕೂಡ್ಲೆ ನಮ್ಮ ಜನಕ್ಕೆ ನೆನಪಾಗೋದು ಎರಡೇ. ಒಂದು ಮೈನಿಂಗು, ಇನ್ನೊಂದು ಮಳೆಗಾಲದಲ್ಲಿ ಫೋನ್ ತುಂಬಾ ಬರೋ ಹಸಿರು ಗುಡ್ಡದ ರೀಲ್ಸು. ಎರಡೂ ಗುಡ್ಡದ ಮೇಲಿನ ವಿಷಯಾನೇ ನೋಡಿ. ಕೆಳಗೆ ಒಂದು ಊರಿದೆ, ಆ ಊರಲ್ಲಿ ಒಂದು ರಾಜ್ಯ ಇತ್ತು, ಅದಕ್ಕೆ ರಾಜ, ದಿವಾನ, ಕೋರ್ಟು ಕಚೇರಿ ಎಲ್ಲಾ ಇತ್ತು, 1949ರ ತನಕ ನಡೀತು ಅಂದ್ರೆ ಬೆಂಗಳೂರು ಕಡೆಯವರು ಹೌದಾ ಅಂತಾರೆ. ಬಳ್ಳಾರಿಯವರೂ ಎಷ್ಟೋ ಜನ ಹೌದಾ ಅಂತಾರೆ, ಅದು ಬೇರೆ ಮಾತು.

ನಾನಿವತ್ತು ಹೇಳ್ಬೇಕು ಅಂದ್ಕೊಂಡಿರೋದು ಒಂದೇ ವಿಷಯ. ಬ್ರಿಟಿಷರ ಕಾಲದಿಂದ ಈಚೆಗೆ ಸಂಡೂರಲ್ಲಿ ಕಣಿವೆ ಯಾರ ಕೈಲಿದೆ ಅನ್ನೋ ಪ್ರಶ್ನೆಗೂ ಗುಡ್ಡ ಯಾರ ಕೈಲಿದೆ ಅನ್ನೋ ಪ್ರಶ್ನೆಗೂ ಒಂದೇ ಉತ್ತರ ಇದ್ದದ್ದು ಬಹಳ ಕಮ್ಮಿ. ಈ ಊರಿನ ಚರಿತ್ರೆ ಬರೆಯೋರು ರಾಜರ ಪಟ್ಟಿ ಕೊಡ್ತಾರೆ, ಆಮೇಲೆ ತಾಲ್ಲೂಕು, ಜಿಲ್ಲೆ ಅಂತ ಹೋಗ್ತಾರೆ, ಆದ್ರೆ ಆಡಳಿತದ ನಿಜವಾದ ಕಥೆ ಗುಡ್ಡದ ಬುಡದ ಗೆರೆಯಲ್ಲಿದೆ ಅನ್ನೋದು ನನ್ನ ಅನಿಸಿಕೆ.

ಮೊದಲು ಜಾಗ ಹೇಗಿದೆ ಅಂತ ಕಣ್ಮುಂದೆ ತಂದ್ಕೊಳ್ಳಿ. ಬಳ್ಳಾರಿ ಸೀಮೆ ಅಂದ್ರೆ ಬಯಲು, ಎರೆ ಹೊಲ, ಅಲ್ಲಲ್ಲಿ ಬಂಡೆ ಗುಡ್ಡ. ಅದರ ನಡುವೆ ವಾಯವ್ಯದಿಂದ ಆಗ್ನೇಯಕ್ಕೆ ಎರಡು ಬೆಟ್ಟದ ಸಾಲು ಹೆಚ್ಚು ಕಮ್ಮಿ ಜೊತೆಜೊತೆಗೇ ಹೋಗ್ತವೆ, ಎರಡು ತುದೀಲೂ ಹತ್ತಿರ ಬರ್ತವೆ, ನಡುವೆ ಅಗಲ ಆಗ್ತವೆ, ಅಂದ್ರೆ ಮೇಲಿಂದ ನೋಡಿದ್ರೆ ಒಂದು ದೋಣಿ ಥರ. ಆ ದೋಣಿಯ ಹೊಟ್ಟೆಯಲ್ಲಿ ಸಂಡೂರು. ಇವು ಬಳ್ಳಾರಿಯ ಬಂಡೆ ಗುಡ್ಡಗಳಲ್ಲ, ಜಿಯಾಲಜಿಯವರು ಧಾರವಾಡ ಶಿಲೆ ಅಂತ ಕರೀತಾರಲ್ಲ ಆ ಜಾತಿ, ಹಳೇ ಕಾಲದ ಪದರ ಪದರ ಕಲ್ಲು, ಒಳಗೆ ಕಬ್ಬಿಣ, ಮ್ಯಾಂಗನೀಸು. 19ನೇ ಶತಮಾನದ ಕೊನೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಬಳ್ಳಾರಿ ಜಿಲ್ಲೆ ಪೂರ್ತಿ ಓಡಾಡಿ ಈ ಬೆಟ್ಟಗಳ ಬಗ್ಗೆ ವಿವರವಾಗಿ ಬರೆದ, ಅದೇ ಮನುಷ್ಯ ನಮ್ಮ ಸೀಮೆಯ ಶಿಲಾಯುಗದ ಜಾಗಗಳನ್ನೂ ಹುಡುಕಿದೋನು. ಕಬ್ಬಿಣ ಇರೋದು ಅವನು ಬಂದು ಹೇಳಬೇಕಾಗಿರ್ಲಿಲ್ಲ ಅನ್ನಿ, ಕಮ್ಮತ್ತೂರು ಕಡೆ ಸ್ಥಳೀಯರು ಕುಲುಮೆ ಹಾಕಿ ಅದಿರು ಕರಗಿಸ್ತಾನೇ ಇದ್ರು. ಆಮೇಲೆ ಹಡಗಲ್ಲಿ ಅಗ್ಗದ ಕಬ್ಬಿಣ ಬಂತು, ಇದ್ದಲಿಗೆ ಕಟ್ಟಿಗೆ ಸಿಗದೇ ಹೋಯ್ತು, ಕುಲುಮೆ ಆರಿದ್ವು.

ಈ ಕಣಿವೆಗೆ ನೀರು ಅಂದ್ರೆ ನಾರಿಹಳ್ಳ. ಹಳ್ಳದ ವಿಶೇಷ ಏನಂದ್ರೆ ಅದು ಬೆಟ್ಟವನ್ನ ಸುತ್ತಿ ಹೋಗೋದಿಲ್ಲ, ಎರಡೂ ಸಾಲನ್ನ ಸೀಳ್ಕೊಂಡು ಹೋಗುತ್ತೆ. ಪಡುವಣ ಕಡೆ ಒಂದು ಕಂಡಿ, ಅದು ಉಬ್ಬಲಗಂಡಿ, ಕೆಲವರು ಓಬಳಗಂಡಿ ಅಂತಾರೆ. ಮೂಡಣ ಕಡೆ ಇನ್ನೊಂದು, ಭೀಮಗಂಡಿ. ಅಲ್ಲಿಂದ ಆಚೆ ಹೋಗಿ ದರೋಜಿ ಕೆರೆ ಸೇರುತ್ತೆ, ಈಗ ಕರಡಿಧಾಮ ಇದೆಯಲ್ಲ, ಅದೇ ದರೋಜಿ. ತಾರಾನಗರದ ಹತ್ರ ಹಳ್ಳಕ್ಕೆ ಡ್ಯಾಂ ಕಟ್ಟಿದಾರೆ. ಹಿಂದಿನ ಕಾಲದವರಿಗೆ ಈ ಕಂಡಿಗಳು ಕೋಟೆ ಬಾಗಿಲಿದ್ದ ಹಾಗೆ. ದೊಡ್ಡ ಸೈನ್ಯ ಒಳಗೆ ಬರ್ಬೇಕು ಅಂದ್ರೆ ಇಕ್ಕಟ್ಟಿನ ದಾರಿಯಲ್ಲೇ ಬರ್ಬೇಕು, ತೋಪು ಎಳ್ಕೊಂಡು ಬೆಟ್ಟ ಹತ್ತೋಕಾಗಲ್ಲ. ಇಷ್ಟು ಸಣ್ಣ ರಾಜ್ಯ, 160 ಚಿಲ್ಲರೆ ಚದರ ಮೈಲಿ, 1901ರ ಜನಗಣತಿಯಲ್ಲಿ ಬರೀ 11,200 ಜನ, ಇಷ್ಟು ವರ್ಷ ಹೇಗೆ ಉಳ್ಕೊಂಡ್ತು ಅಂತ ಕೇಳಿದ್ರೆ ಅರ್ಧ ಉತ್ತರ ಇಲ್ಲೇ ಇದೆ. ಉಳಿದರ್ಧ ಬರೀ ಅದೃಷ್ಟ, ಅದನ್ನೂ ಹೇಳ್ತೀನಿ.

ಸಂಡೂರಿನ ಮನೆತನ ಘೋರ್ಪಡೆಯವರದು, ಮರಾಠರು. ಮೂಲದಲ್ಲಿ ಬಿಜಾಪುರದ ಆದಿಲಶಾಹಿಗಳ ಕೈಕೆಳಗೆ ಇದ್ದ ಸರದಾರ ಕುಟುಂಬ. ಇದಕ್ಕೂ ಮುಂಚೆ ಕಣಿವೆ ಬೇಡ ಪಾಳೇಗಾರರ ಕೈಲಿತ್ತು, 18ನೇ ಶತಮಾನದ ಮೊದಲಲ್ಲಿ ಸಿದ್ದೋಜಿರಾವ್ ಅನ್ನೋರು ಅವರಿಂದ ಕಿತ್ಕೊಂಡ್ರು. ಸಿದ್ದೋಜಿಯ ಮಗನೇ ಗುತ್ತಿಯ ಮುರಾರಿರಾವ್, ಗುತ್ತಿ ಅಂದ್ರೆ ಈಗಿನ ಆಂಧ್ರದ ಅನಂತಪುರ ಕಡೆ ಇರೋ ಕೋಟೆ ಊರು. ದಕ್ಷಿಣದ ಚರಿತ್ರೆ ಸ್ವಲ್ಪ ಓದಿದವರಿಗೂ ಈ ಹೆಸರು ಗೊತ್ತಿರುತ್ತೆ, ಕರ್ನಾಟಿಕ್ ಯುದ್ಧಗಳಲ್ಲಿ ಯಾವ ಪಕ್ಷ ನೋಡಿದ್ರೂ ಒಂದಲ್ಲ ಒಂದು ಸಲ ಮುರಾರಿರಾವ್ ಆ ಕಡೆ ಇರ್ತಾನೆ. 1751ರಲ್ಲಿ ಕ್ಲೈವ್ ಆರ್ಕಾಟಿನಲ್ಲಿ ಮುತ್ತಿಗೆಗೆ ಸಿಕ್ಕಾಕ್ಕೊಂಡಾಗ ಸಹಾಯಕ್ಕೆ ಹೊರಟಿದ್ದು ಇವನ ಕುದುರೆ ದಂಡೇ. ಅವನಿಗೆ ಸಂಡೂರು ಸಣ್ಣ ಆಸ್ತಿ, ತಲೆ ಎಲ್ಲಾ ಗುತ್ತಿ ಕೋಟೆ ಮೇಲೆ. 1776ರಲ್ಲಿ ಹೈದರಾಲಿ ಗುತ್ತಿಗೆ ಮುತ್ತಿಗೆ ಹಾಕಿದ, ಕೋಟೇಲಿ ನೀರು ಮುಗೀತು, ಮುರಾರಿರಾವ್ ಸೋತ, ಕಬ್ಬಾಳದುರ್ಗದಲ್ಲಿ ಸೆರೆಯಲ್ಲೇ ಸತ್ತ. ಗುತ್ತಿ ಹೋದ ಮೇಲೆ ಸಂಡೂರೂ ಹೋಯ್ತು. ಊರ ಪಕ್ಕದ ಕೃಷ್ಣಾನಗರದ ಕೋಟೆ ಇದೆಯಲ್ಲ, ಅದು ಹೈದರ್ ಶುರು ಮಾಡಿ ಟಿಪ್ಪು ಮುಗಿಸಿದ್ದು ಅಂತ ಹಳೇ ಗೆಜೆಟಿಯರು ಹೇಳುತ್ತೆ.

ಆಮೇಲಿನ ಇಪ್ಪತ್ತು ವರ್ಷ ಮನೆತನಕ್ಕೆ ಬರೀ ಕಷ್ಟ. ಮುರಾರಿರಾವ್‌ಗೆ ಗಂಡು ಮಕ್ಕಳು ಉಳೀಲಿಲ್ಲ, ದತ್ತು ತಗೊಂಡಿದ್ದ ಶಿವರಾವ್ 1785ರಲ್ಲಿ ಟಿಪ್ಪು ಜೊತೆ ಕಾದಾಡ್ತಾ ಸತ್ತ, ಅವನ ಮಗ ಸಿದ್ದೋಜಿ ಆಗ ಇನ್ನೂ ಎರಡು ವರ್ಷದ ಮಗು. ಮಗು ಪರವಾಗಿ ಚಿಕ್ಕಪ್ಪ ವೆಂಕಟರಾವ್ ನಿಂತ್ಕೊಂಡು 1790ರಲ್ಲಿ ಟಿಪ್ಪು ಪಡೆಯನ್ನ ಕಣಿವೆಯಿಂದ ಓಡಿಸಿದ. ಅಲ್ಲಿಗೂ ಮುಗೀಲಿಲ್ಲ, ಸಿದ್ದೋಜಿ 1796ರಲ್ಲಿ ಹದಿಮೂರು ಹದಿನಾಲ್ಕು ವಯಸ್ಸಿಗೇ ತೀರ್ಕೊಂಡ, ಅವನ ಹೆಂಡತಿ ಮತ್ತೊಬ್ಬ ಹುಡುಗನ್ನ ದತ್ತು ತಗೊಂಡ್ಲು, ಅವನ ಹೆಸರೂ ಶಿವರಾವ್. ಇಷ್ಟು ಶಿವರಾವ್, ಸಿದ್ದೋಜಿ, ವೆಂಕಟರಾವ್‌ಗಳನ್ನ ನೆನಪಿಟ್ಕೊಳ್ಳೋದು ಬೇಡ, ಈ ಕೊನೇ ಶಿವರಾವ್‌ನ ಮಾತ್ರ ಇಟ್ಕೊಳ್ಳಿ, ಯಾಕಂದ್ರೆ ನನ್ನ ಪ್ರಕಾರ ಸಂಡೂರಿನ ಇಡೀ ಚರಿತ್ರೆಯಲ್ಲಿ ಮಜಾ ಇರೋ ಭಾಗ ಇವನದು.

1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಎಲ್ಲಾ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಕೊಟ್ಟ, ಅದಕ್ಕೇ ದತ್ತ ಮಂಡಲ ಅನ್ನೋದು. ಥಾಮಸ್ ಮನ್ರೋ ಅಲ್ಲಿಗೆ ಕಲೆಕ್ಟರ್ ಆಗಿ ಬಂದ, ಪಾಳೇಗಾರರನ್ನ ಒಬ್ಬೊಬ್ಬರನ್ನೇ ಅಡಗಿಸಿದ. ಸಂಡೂರಿನ ಸುತ್ತ ಈಗ ಕಂಪನಿ ನೆಲ. ಆದ್ರೆ ಸಂಡೂರು ಮಾತ್ರ ಪುಣೆಯಲ್ಲಿ ಮರಾಠರ ಆಡಳಿತ ನಡೆಸ್ತಿದ್ದ ಪೇಶ್ವೆ ನಂದು ಅಂತಿದ್ದ ಜಾಗ, ಮರಾಠ ಜಹಗೀರು ಅಂತ ಲೆಕ್ಕ. ಪೇಶ್ವೆ ಈ ಜಹಗೀರನ್ನ ಘೋರ್ಪಡೆ ವಂಶದ ಬೇರೆ ಒಬ್ಬನಿಗೆ ಕಾಗದದಲ್ಲಿ ಬರೆದೂ ಕೊಟ್ಟಿದ್ದ. ಕಾಗದದಲ್ಲಿ ಅಷ್ಟೇ. ಶಿವರಾವ್ ಜಾಗ ಬಿಟ್ಟು ಅಲ್ಲಾಡ್ಲಿಲ್ಲ.

1815ರಲ್ಲಿ ಪೇಶ್ವೆ ಎರಡನೇ ಬಾಜಿರಾವ್ ಒಂದು ಉಪಾಯ ಮಾಡಿದ. ಕಣಿವೆಯ ದಕ್ಷಿಣದ ಬೆಟ್ಟದ ಮೇಲೆ ಕುಮಾರಸ್ವಾಮಿ ಗುಡಿ ಇದೆ, ನಾನು ಅಲ್ಲಿಗೆ ಯಾತ್ರೆಗೆ ಬರ್ತೀನಿ ಅಂದ. ಯಾತ್ರೆಗೆ ಬರೋ ಪೇಶ್ವೆ ಜೊತೆ ಸೈನ್ಯ ಬರುತ್ತಲ್ಲ. ಶಿವರಾವ್‌ಗೆ ಅರ್ಥ ಆಯ್ತು. ದೇವರ ದರ್ಶನಕ್ಕೆ ಬೇಡ ಅನ್ನೋಕಾಗುತ್ತಾ? ಅನ್ನಲಿಲ್ಲ. ದಾರಿಗಳನ್ನ ಅಡ್ಡಗಟ್ಟಿ, ನಾಲ್ಕೈದು ಜನ ಆಳುಗಳ ಜೊತೆ ಬೇಕಾದ್ರೆ ಬಂದು ಕೈಮುಗಿದು ಹೋಗಲಿ, ದಂಡು ಮಾತ್ರ ಒಳಗೆ ಬಿಡಲ್ಲ ಅನ್ನೋ ಹಾಗೆ ನಡ್ಕೊಂಡ. ಆಗ ಕಣಿವೆಯ ಆಕಾರ ಅವನ ಕೈ ಹಿಡೀತು, ಪೂನಾದ ದೊರೆ ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್ ಹೋದ.

ಆದ್ರೆ ಅವಮಾನ ಮರೀಲಿಲ್ಲ. 1802ರ ಕೊನೇಲಿ ಬಸ್ಸೇನ್ ಒಪ್ಪಂದ ಆಗಿತ್ತಲ್ಲ, ಅದರಲ್ಲಿ ಪೇಶ್ವೆಗೆ ತಿರುಗಿಬಿದ್ದ ಸಾಮಂತರನ್ನ ಮಣಿಸೋಕೆ ಕಂಪನಿ ನೆರವು ಕೊಡ್ಬೇಕು ಅಂತ ಇತ್ತು. ಬಾಜಿರಾವ್ ಅದನ್ನ ಮುಂದಿಟ್ಟ. ಕಂಪನಿ ಮನ್ರೋಗೆ ಹೇಳಿತು. 1817ರ ಅಕ್ಟೋಬರ್‌ನಲ್ಲಿ ಮನ್ರೋ ದಂಡು ತಗೊಂಡು ಸಂಡೂರಿಗೆ ಬಂದ, ಶಿವರಾವ್ ಪೇಶ್ವೆಯನ್ನ ತಡೆದ ಹಾಗೆ ಇವನನ್ನ ತಡೀಲಿಲ್ಲ, ಕೋಟೆ ಬಿಟ್ಕೊಟ್ಟ. ಪರ್ಯಾಯವಾಗಿ ಬೇರೆ ಕಡೆ ಜಹಗೀರು ಕೊಡ್ತೀವಿ ಅಂತ ಮಾತಾಯ್ತು. ಹೀಗೆ ಪೇಶ್ವೆಗೋಸ್ಕರ ಸಂಡೂರು ಹಿಡಿದುಕೊಟ್ಟ ಒಂದು ತಿಂಗಳ ಒಳಗೆ, ನವೆಂಬರ್ 5ಕ್ಕೆ, ಅದೇ ಪೇಶ್ವೆ ಪುಣೆ ಹತ್ತಿರ ಖಡ್ಕಿಯಲ್ಲಿ ಇಂಗ್ಲಿಷರ ಮೇಲೇ ಬಿದ್ದ! ಇನ್ನು ಯಾರಿಗೋಸ್ಕರ ಈ ಜಾಗ ಇಟ್ಕೊಳ್ಳೋದು? ಮನ್ರೋನೇ ಶಿಫಾರಸು ಮಾಡಿ 1818ರಲ್ಲಿ ಶಿವರಾವ್‌ಗೆ ಸಂಡೂರು ವಾಪಸ್ ಕೊಡ್ಸಿದ, 1826ರಲ್ಲಿ ಮದ್ರಾಸ್ ಸರ್ಕಾರದಿಂದ ಸನದು, ಅಂದ್ರೆ ಹಕ್ಕಿನ ಪತ್ರ, ಸಿಕ್ತು, ಆ ಹೊತ್ತಿಗೆ ಮನ್ರೋ ಮದ್ರಾಸಿನ ಗವರ್ನರ್. ಅದೃಷ್ಟ ಅಂದೆನಲ್ಲ, ಇದು. ಪೇಶ್ವೆ ಇನ್ನೊಂದು ವರ್ಷ ಸುಮ್ನಿದ್ದಿದ್ರೆ ಸಂಡೂರು ಸಂಸ್ಥಾನ ಅಂತ ಒಂದು ಇರ್ತಾನೇ ಇರ್ಲಿಲ್ಲ, ಬಳ್ಳಾರಿ ಜಿಲ್ಲೆಯ ಒಂದು ಹೋಬಳಿ ಆಗಿರೋದು.

ಇಲ್ಲಿಂದ ಆಡಳಿತದ ಕಥೆ. ಮದ್ರಾಸ್ ಪ್ರಾಂತ್ಯದ ಜೊತೆ ಐದು ಸಂಸ್ಥಾನ ಇದ್ವು: ತಿರುವಾಂಕೂರು, ಕೊಚ್ಚಿ, ಪುದುಕೋಟೆ, ಬನಗಾನಪಲ್ಲಿ, ಸಂಡೂರು. ತಿರುವಾಂಕೂರು ಆನೆ ಆದ್ರೆ ಸಂಡೂರು ಅದರ ಕಾಲಿನ ಉಗುರೂ ಅಲ್ಲ. ಉಳಿದವರಿಗೆಲ್ಲ ತೋಪಿನ ಸಲಾಮಿ ಇತ್ತು, ಸಂಡೂರಿಗೆ ಇರ್ಲಿಲ್ಲ. ರಾಜ ಅನ್ನೋ ಬಿರುದು ವಂಶಪಾರಂಪರ್ಯವಾಗಿ ಸಿಕ್ಕಿದ್ದೇ 1876ರಲ್ಲಿ. ಬಳ್ಳಾರಿ ಕಲೆಕ್ಟರೇ ಸಂಡೂರಿಗೆ ಪೊಲಿಟಿಕಲ್ ಏಜೆಂಟು. ಅಂದ್ರೆ ಪಕ್ಕದ ಜಿಲ್ಲೆ ನಡೆಸೋ ಅದೇ ಸಾಹೇಬ ಇಲ್ಲಿ ರಾಜನ ಮೇಲೂ ಒಂದು ಕಣ್ಣಿಡ್ತಿದ್ದ. ಜನ ಮಾತಾಡೋದು ಬಹುಪಾಲು ಕನ್ನಡ, ಅರಮನೆ ಮರಾಠಿ, ಮೇಲಿನ ಪತ್ರವ್ಯವಹಾರ ಇಂಗ್ಲಿಷು. ಮೂರು ಭಾಷೆ, ಇಪ್ಪತ್ತು ಚಿಲ್ಲರೆ ಹಳ್ಳಿ.

ಈಗ ಗುಡ್ಡಕ್ಕೆ ಬರೋಣ. ಪಡುವಣ ಸಾಲಿನ ಮೇಲೆ ರಾಮನದುರ್ಗ ಅಥವಾ ರಾಮಗಡ ಅಂತ ಒಂದು ಮಟ್ಟಸ ಜಾಗ ಇದೆ, ಸಮುದ್ರಮಟ್ಟದಿಂದ 3,256 ಅಡಿ ಅಂತ ಹಳೇ ಲೆಕ್ಕ. ಬಳ್ಳಾರಿ ಕಂಟೋನ್ಮೆಂಟಿನ ಬಿಳಿ ಸಿಪಾಯಿಗಳು ಆ ಬಿಸಿಲಲ್ಲಿ ಹಣ್ಣಾಗಿ ಹೋಗ್ತಿದ್ರಲ್ಲ, ಅವರಿಗೆ ಕಾಯಿಲೆ ಬಿದ್ರೆ ಚೇತರಿಸ್ಕೊಳ್ಳೋಕೆ ತಣ್ಣನೆ ಜಾಗ ಬೇಕಿತ್ತು. 19ನೇ ಶತಮಾನದ ನಡುವಿನಲ್ಲಿ ರಾಜನ ಕೈಯಿಂದ ಆ ಜಾಗ ಪಡ್ಕೊಂಡು ಆರೋಗ್ಯಧಾಮ ಮಾಡಿದ್ರು, ಬ್ಯಾರಕ್ಕು, ಬಂಗ್ಲೆ ಎಲ್ಲಾ ಎದ್ವು. ಹೀಗಾಗಿ ಕೆಳಗೆ ರಾಜನ ಸೀಮೆ, ಮೇಲೆ ಸೇನೆಯ ದರ್ಬಾರು. 1882ರಲ್ಲಿ ಇನ್ನೊಂದು ಹೆಜ್ಜೆ, ಬೆಟ್ಟದ ಕಾಡಿನ ದೊಡ್ಡ ಭಾಗವನ್ನ ಮದ್ರಾಸ್ ಸರ್ಕಾರ 25 ವರ್ಷಕ್ಕೆ ಗುತ್ತಿಗೆ ಹಿಡೀತು. ರಾಜನಿಗೆ ವರ್ಷಾವರ್ಷ ಬಾಡಿಗೆ, ಕಾಡಿಗೆ ಅರಣ್ಯ ಇಲಾಖೆ ಗಾರ್ಡು. ಕಟ್ಟಿಗೆಗೆ, ಸೊಪ್ಪಿಗೆ, ದನ ಮೇಯಿಸೋಕೆ ಗುಡ್ಡ ಹತ್ತೋ ಹಳ್ಳಿಯವನಿಗೆ ತಾನು ಯಾವ ಸರ್ಕಾರದ ಪ್ರಜೆ ಅನ್ನೋದು ಎತ್ತರದ ಮೇಲೆ ನಿರ್ಧಾರ ಆಗ್ತಿತ್ತು ಅಂತ ನಾನು ತಮಾಷೆಗೆ ಹೇಳೋದುಂಟು, ಆದ್ರೆ ಅದು ಪೂರ್ತಿ ತಮಾಷೆ ಅಲ್ಲ.

20ನೇ ಶತಮಾನ ಶುರುವಾದ ಮೇಲೆ ಗುತ್ತಿಗೆಯ ರೂಪ ಬದಲಾಯ್ತು. ಮ್ಯಾಂಗನೀಸ್ ಸಿಕ್ತು, ಯುರೋಪಿನ ಕಂಪನಿ ಬಂತು, ಜನರಲ್ ಸಂಡೂರ್ ಮೈನಿಂಗ್ ಕಂಪನಿ ಅಂತ. ಅದಿರು ಸಾಗಿಸೋಕೆ ರೈಲು ದಾರಿ ಹೊಸಪೇಟೆಯಿಂದ ಬೆಟ್ಟದ ಹೊರಮೈ ಹಿಡಿದು ಸ್ವಾಮಿಹಳ್ಳಿವರೆಗೆ ಬಂತು. ಗಮನಿಸಿ, ರೈಲು ಬಂದಿದ್ದು ಊರಿಗಲ್ಲ, ಗುಡ್ಡಕ್ಕೆ.

ಕುಮಾರಸ್ವಾಮಿ ಗುಡಿ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಊರಿಂದ ಹತ್ತು ಹನ್ನೆರಡು ಕಿಲೋಮೀಟರು, ಸುತ್ತ ದಟ್ಟ ಕಾಡು. ಅಲ್ಲಿ ಪಾರ್ವತಿ ಗುಡಿ ಒಂದು, ಅದು ಚಾಲುಕ್ಯರ ಕಾಲದ ಕಟ್ಟಡ, ಕುಮಾರಸ್ವಾಮಿ ಗುಡಿ ರಾಷ್ಟ್ರಕೂಟರ ಕಾಲದ್ದು ಅಂತಾರೆ. ತಾರಕಾಸುರನ್ನ ಕೊಂದ ಜಾಗ ಅಂತ ಐತಿಹ್ಯ. ಮೂರು ವರ್ಷಕ್ಕೊಮ್ಮೆ ದೊಡ್ಡ ಜಾತ್ರೆ, ಮಹಾರಾಷ್ಟ್ರ ಆಂಧ್ರದಿಂದೆಲ್ಲಾ ಜನ ಬರ್ತಾರೆ. ರಾಜನ ಕಾಲದ ಒಂದು ಕೆಲಸವನ್ನ ಇಲ್ಲಿ ಹೇಳ್ಲೇಬೇಕು, 1932ರಲ್ಲಿ ಯಶವಂತರಾವ್ ಘೋರ್ಪಡೆ ಈ ಗುಡಿಯನ್ನ ಹರಿಜನರಿಗೆ ತೆರೆದು ಘೋಷಣೆ ಹೊರಡಿಸಿದ್ರು. ತಿರುವಾಂಕೂರಿನ ದೇವಸ್ಥಾನ ಪ್ರವೇಶದ ಘೋಷಣೆ ಪಠ್ಯಪುಸ್ತಕದಲ್ಲೆಲ್ಲಾ ಬರುತ್ತೆ, ಅದು 1936. ನಾಲ್ಕು ವರ್ಷ ಮೊದಲೇ ಇಲ್ಲಿ ಆಗಿತ್ತು. 1934ರಲ್ಲಿ ಹರಿಜನ ಯಾತ್ರೆಯ ಸಮಯದಲ್ಲಿ ಗಾಂಧೀಜಿ ಸಂಡೂರಿಗೆ ಬಂದ್ರು. ಅದೇ ಕುಮಾರಸ್ವಾಮಿ ಗುಡಿ ಒಳಗೆ ಹೆಂಗಸರು ಹೋಗೋ ಹಾಗಿಲ್ಲ ಅನ್ನೋ ಪದ್ಧತಿ ಮಾತ್ರ ಹಾಗೇ ನಡ್ಕೊಂಡು ಬಂತು, ಅವರಿಗೆ ಪಾರ್ವತಿ ಗುಡಿ ತನಕ. ಒಂದು ಬಾಗಿಲು ತೆಗೆದವರಿಗೆ ಇನ್ನೊಂದು ಬಾಗಿಲು ಕಾಣದೇ ಹೋಯ್ತಾ ಅಂತ ಕೇಳ್ಬೇಕು ಅನ್ಸುತ್ತೆ.

ಸ್ವಾತಂತ್ರ್ಯ ಬಂತು. ಬನಗಾನಪಲ್ಲಿ, ಪುದುಕೋಟೆ ಎರಡೂ 1948ರಲ್ಲೇ ಮದ್ರಾಸಲ್ಲಿ ಸೇರ್ಕೊಂಡ್ವು, ಸಂಡೂರು ಮಾತ್ರ ಇನ್ನೂ ಒಂದು ವರ್ಷ ತಗೊಂಡು 1949ರ ಏಪ್ರಿಲ್ 1ಕ್ಕೆ ಸೇರಿತು, ಬಳ್ಳಾರಿ ಜಿಲ್ಲೆಗೆ ಬಂತು. ನಾಲ್ಕೂವರೆ ವರ್ಷ ಅಷ್ಟೇ, ಆಂಧ್ರ ರಾಜ್ಯ ಆಗೋ ಹೊತ್ತಿಗೆ ಬಳ್ಳಾರಿ ಜಿಲ್ಲೆ ಯಾರಿಗೆ ಅಂತ ದೊಡ್ಡ ಜಗಳ, ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದ್ವು, ಉಳಿದ ಏಳು ತಾಲ್ಲೂಕು 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂದ್ವು, ಅದರಲ್ಲಿ ಸಂಡೂರೂ ಒಂದು. ಬಳ್ಳಾರಿ ಪಟ್ಟಣದ ಬಗ್ಗೆ ಆದಷ್ಟು ಗಲಾಟೆ ಸಂಡೂರಿನ ಬಗ್ಗೆ ಆಗ್ಲಿಲ್ಲ, ಇಲ್ಲಿ ಭಾಷೆಯ ಅನುಮಾನ ಇರ್ಲಿಲ್ಲ.

ಸಂಸ್ಥಾನ ಹೋದ್ರೂ ಅರಮನೆಯ ಪ್ರಭಾವ ಹೋಗ್ಲಿಲ್ಲ. 1954ರಲ್ಲಿ ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಅನ್ನೋ ಕಂಪನಿ ಶುರುವಾಯ್ತು, ನಮ್ಮ ಕಡೆ ಸ್ಮಯೋರ್ ಅಂತಾರೆ, ಘೋರ್ಪಡೆ ಮನೆತನದ್ದೇ. ಕಣಿವೆ ಸರ್ಕಾರಕ್ಕೆ ಹೋಯ್ತು, ಗುಡ್ಡದ ಗಣಿ ಗುತ್ತಿಗೆ ಮಾತ್ರ ಅರಮನೆ ಹತ್ರ ಉಳೀತು, ಹಳೇ ಲೆಕ್ಕ ತಿರುವು ಮುರುವಾಯ್ತು. ಯಶವಂತರಾಯರ ಮಗ ಎಂ.ವೈ. ಘೋರ್ಪಡೆ ಇಲ್ಲಿಂದ ಗೆದ್ದು ಹೋಗಿ 1972ರಿಂದ ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿ ಆದ್ರು, ಆಮೇಲೆ ಪಂಚಾಯತ್‌ರಾಜ್ ಖಾತೆಯನ್ನೂ ನೋಡ್ಕೊಂಡ್ರು, ಕಾಡುಪ್ರಾಣಿಗಳ ಫೋಟೋ ತೆಗೆಯೋದ್ರಲ್ಲೂ ದೊಡ್ಡ ಹೆಸರು. ಒಳ್ಳೇ ಆಡಳಿತಗಾರ ಅಂತ ವಿರೋಧಿಗಳೂ ಒಪ್ತಾರೆ. ಆದ್ರೆ ಅವರು ಮಂತ್ರಿ ಆಗಿದ್ದಾಗ್ಲೇ, 1973ರಲ್ಲಿ, ಅವರ ಊರಲ್ಲೇ ಭೂಹೋರಾಟ ನಡೀತು. ಇನಾಂ ಜಮೀನು ಉಳೋ ರೈತನಿಗೆ ಸೇರ್ಬೇಕು ಅಂತ ಸಮಾಜವಾದಿಗಳು ರಾಜ್ಯದ ಬೇರೆ ಬೇರೆ ಕಡೆಯಿಂದ ಇಲ್ಲಿಗೆ ಬಂದು ಸತ್ಯಾಗ್ರಹ ಮಾಡಿ ಜೈಲಿಗೆ ಹೋದ್ರು. ಕಾಗೋಡು ಸತ್ಯಾಗ್ರಹ ಎಲ್ಲರಿಗೂ ಗೊತ್ತು, ಸಂಡೂರಿನ ಭೂಹೋರಾಟ ನಮ್ಮ ಕಾಲೇಜು ಹುಡುಗರಿಗೆ ಕೇಳಿ ನೋಡಿ, ಗೊತ್ತಿರಲ್ಲ. ಗುಡ್ಡದ ಸದ್ದಿನಲ್ಲಿ ಕಣಿವೆಯ ಹೊಲದ ಕಥೆ ಮುಚ್ಚಿಹೋಯ್ತು.

ಲಂಬಾಣಿ ಜನರನ್ನ ಬಿಟ್ಟು ಸಂಡೂರಿನ ಮಾತು ಮುಗಿಸೋಕಾಗಲ್ಲ. ಸುಶೀಲಾನಗರ ಮತ್ತೆ ಸುತ್ತಲಿನ ತಾಂಡಾಗಳ ಹೆಂಗಸರ ಕಸೂತಿಗೆ ಸಂಡೂರು ಲಂಬಾಣಿ ಕಸೂತಿ ಅಂತಲೇ ಜಿಐ ಟ್ಯಾಗ್ ಇದೆ, ಕನ್ನಡಿ ಚೂರು, ಕವಡೆ, ಬಣ್ಣಬಣ್ಣದ ದಾರ. ಊರಲ್ಲಿರೋ ಕುಶಲ ಕಲಾ ಕೇಂದ್ರ ಇದಕ್ಕೆ ಮಾರ್ಕೆಟ್ ಮಾಡ್ಕೊಟ್ಟಿತು. ಗಣಿ ಕೆಲಸಕ್ಕೆ ಹೋದೋರೂ ಇದೇ ತಾಂಡಾದವರೇ, ಸೂಜಿ ಹಿಡಿದೋರೂ ಇದೇ ತಾಂಡಾದವರೇ.

ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿಯ ದೋಣಿಮಲೈ ಗಣಿ 1970ರ ದಶಕದಲ್ಲಿ ಶುರುವಾಯ್ತು, ಟೌನ್‌ಶಿಪ್ಪು, ಶಾಲೆ, ಆಸ್ಪತ್ರೆ ಎಲ್ಲಾ ಅಲ್ಲೇ, ಊರೊಳಗೆ ಇನ್ನೊಂದು ಊರು. ಆಮೇಲೆ 2003-04ರ ಸುಮಾರಿಗೆ ಚೀನಾದಲ್ಲಿ ಕಬ್ಬಿಣಕ್ಕೆ ಡಿಮ್ಯಾಂಡ್ ಬಂತು, ಅದಿರಿನ ರೇಟು ಜಿಗೀತು, ಆ ವರ್ಷಗಳ ಬಗ್ಗೆ ನಾನೇನೂ ಹೇಳೋದು ಬೇಡ, ಇಲ್ಲಿ ಕೂತಿರೋರಲ್ಲಿ ಎಷ್ಟು ಜನ ಆಗ ಹೊಸಪೇಟೆ ರೋಡಲ್ಲಿ ಟಿಪ್ಪರ್ ಲೈನಿಗೆ ಸಿಕ್ಕಾಕ್ಕೊಂಡಿದ್ರಿ ಕೈ ಎತ್ತಿ ಅಂದ್ರೆ ಎಲ್ಲಾ ಎತ್ತುತೀರಿ (ಎತ್ತಿದ್ರು). ಮರ ಕೆಂಪು, ಎಲೆ ಕೆಂಪು, ಮಳೆ ಬಂದ್ರೆ ಹಳ್ಳ ಕೆಂಪು. ಜೋಳದ ಹೊಲದವನು ಉಳೋದು ಬಿಟ್ಟು ಲಾರಿ ಕೊಂಡ. ಒಂದು ವಿಷಯ ಮಾತ್ರ ಸ್ಪಷ್ಟ ಮಾಡ್ತೀನಿ, ಟೀವಿಯಲ್ಲಿ ಬಂದ ಆಂಧ್ರ ಗಡಿ ಕಲ್ಲು ಕಿತ್ತ ಗಲಾಟೆ ಇದೆಯಲ್ಲ, ಅದು ಈ ಕಣಿವೆದಲ್ಲ, ಅದು ಬಳ್ಳಾರಿ ಆಚೆ ಓಬಳಾಪುರದ ಕಡೆ. ಎರಡನ್ನೂ ಕಲಸಿ ಮಾತಾಡೋರೇ ಜಾಸ್ತಿ.

ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿ 2008ರಲ್ಲಿ ಒಂದು ಭಾಗ, 2011ರ ಜುಲೈನಲ್ಲಿ ಇನ್ನೊಂದು ಭಾಗ ಬಂತು, ಅದೇ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಅಕ್ರಮ ಎಷ್ಟಿದೆ ಅನ್ನೋದರ ಮೇಲೆ ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿದ್ರು, ಒತ್ತುವರಿ ಕಮ್ಮಿ ಇದ್ದೋರು ಅಗೆದ ಗುಡ್ಡದ ಗಾಯ ಮುಚ್ಚೋ ಪ್ಲಾನ್ ಕೊಟ್ಟು ವಾಪಸ್ ಶುರು ಮಾಡ್ಬಹುದು, ಸಿ ವರ್ಗದವರ ಲೀಸು ರದ್ದು. ವರ್ಷಕ್ಕೆ ಬಳ್ಳಾರಿಯಿಂದ 25 ಮಿಲಿಯನ್ ಟನ್ ಮೀರೋ ಹಾಗಿಲ್ಲ ಅಂತ ಮಿತಿ ಹಾಕಿದ್ರು, 2017ರಲ್ಲಿ ಅದು 28 ಆಯ್ತು, 2022ರಲ್ಲಿ 35 ಆಯ್ತು. ಈಗ ಹೇಳಿ, ಗುಡ್ಡದಿಂದ ಎಷ್ಟು ಕಲ್ಲು ಇಳೀಬೇಕು ಅನ್ನೋದನ್ನ ತೀರ್ಮಾನ ಮಾಡಿದ್ದು ಪುರಸಭೆನಾ, ತಾಲ್ಲೂಕು ಆಫೀಸಾ, ಜಿಲ್ಲಾಧಿಕಾರಿನಾ? ದೆಹಲಿಯ ಕೋರ್ಟು. 1882ರಲ್ಲಿ ಮದ್ರಾಸು, ಈಗ ದೆಹಲಿ. ಕೆಲಸ ನಿಂತಾಗ ಊರಲ್ಲಿ ಏನಾಯ್ತು ಅಂತ ಯಾರೂ ಜಾಸ್ತಿ ಬರೀಲಿಲ್ಲ, ಸಾಲದ ಮೇಲೆ ಕೊಂಡ ಲಾರಿಗಳು ಮನೆ ಮುಂದೆ ನಿಂತು ತುಕ್ಕು ಹಿಡಿದ್ವು, ಫೈನಾನ್ಸಿನವರು ಬಂದು ಎಳ್ಕೊಂಡು ಹೋದ್ರು. ಗಣಿ ನಿಂತಿದ್ದು ಸರಿಯಾಗೇ ಇತ್ತು, ನನಗೆ ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಗುಡ್ಡ ಅಗೆದವನ ಲೆಕ್ಕ ಬೇರೆ, ಲಾರಿ ಓಡಿಸಿದವನ ಲೆಕ್ಕ ಬೇರೆ.

ಈಗಿನ ಆಡಳಿತದ ನಕ್ಷೆ ಬೇಗ ಹೇಳಿ ಬಿಡ್ತೀನಿ. ಸಂಡೂರು ಈಗ ತಾಲ್ಲೂಕು ಕೇಂದ್ರ, ಪುರಸಭೆ ಇದೆ. ತಾಲ್ಲೂಕು ಹಳೇ ಸಂಸ್ಥಾನಕ್ಕಿಂತ ಬಹಳ ದೊಡ್ಡದು, ಬೆಟ್ಟದ ಹೊರಗಿನ ತೋರಣಗಲ್ಲು, ಕುರೆಕುಪ್ಪ ಎಲ್ಲಾ ಇದರಲ್ಲೇ ಬರುತ್ತೆ, ಜಿಂದಾಲ್ ಸ್ಟೀಲ್ ಪ್ಲಾಂಟ್ ಇರೋದು ಸಂಡೂರು ತಾಲ್ಲೂಕಲ್ಲಿ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ವಿಧಾನಸಭೆಗೆ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆದಾಗ ಹೊಸಪೇಟೆ, ಕೂಡ್ಲಿಗಿ ಆ ಕಡೆ ಹೋದ್ವು, ಸಂಡೂರು ಬಳ್ಳಾರಿಯಲ್ಲೇ ಉಳೀತು. ಹೊಸಪೇಟೆ ಮೂವತ್ತು ಕಿಲೋಮೀಟರ್ ಒಳಗೆ, ಬಳ್ಳಾರಿ ಐವತ್ತರ ಹತ್ರ, ಸಂತೆ ಸಿನಿಮಾ ಬಟ್ಟೆ ಅಂಗಡಿ ಎಲ್ಲಕ್ಕೂ ಜನ ಹೋಗೋದು ಹೊಸಪೇಟೆಗೆ, ಡಿಸಿ ಆಫೀಸಿಗೆ ಮಾತ್ರ ಬಳ್ಳಾರಿಗೆ. ಯಾಕೆ ಹೀಗೆ ಅಂತ ಕೇಳಿದ್ರೆ ಅದಿರಿನ ಆದಾಯ ಯಾವ ಜಿಲ್ಲೆಗೆ ಸೇರ್ಬೇಕು ಅನ್ನೋ ಲೆಕ್ಕ ಅಂತ ಊರಲ್ಲಿ ಮಾತಾಡ್ತಾರೆ, ಅಧಿಕೃತವಾಗಿ ಯಾರೂ ಹಾಗೆ ಹೇಳಲ್ಲ ಬಿಡಿ. ಇನ್ನೊಂದು ಮಜಾ, ಹೈದರಾಬಾದ್ ನಿಜಾಮನ ರಾಜ್ಯದಲ್ಲಿ 1947ರಲ್ಲಿ ಇಲ್ಲದೇ ಇದ್ದ ಬಳ್ಳಾರಿ ಜಿಲ್ಲೆಗೂ 371ಜೆ, ಅಂದ್ರೆ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದಲ್ಲಿ ಕೊಟ್ಟ ವಿಶೇಷ ಸ್ಥಾನದ ಸೌಲಭ್ಯ ಇದೆ, ಹಾಗಾಗಿ ಮರಾಠ ರಾಜ, ಮದ್ರಾಸ್ ಏಜೆಂಟು ನಡೆಸಿದ ಸಂಡೂರಿನ ಹುಡುಗ ಈಗ ಕಲ್ಯಾಣ ಕರ್ನಾಟಕದ ಸರ್ಟಿಫಿಕೇಟು ಹಿಡ್ಕೊಂಡು ಕೆಲಸಕ್ಕೆ ಅರ್ಜಿ ಹಾಕ್ತಾನೆ. ಪಾಪ, ಸಿಗಲಿ.

ಮಾತು ಮುಗಿದ ಮೇಲೆ ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಮೇಷ್ಟ್ರು ಕೇಳಿದ್ರು, "ಸರ್, ಹಾಗಾದ್ರೆ ಇವತ್ತು ಗುಡ್ಡ ಯಾರದು?" ಅಂತ. ನಾನು ದೇವದಾರಿ ಉದಾಹರಣೆ ಕೊಟ್ಟೆ. ದೇವದಾರಿ ಬೆಟ್ಟದಲ್ಲಿ ಕುದುರೆಮುಖ ಕಂಪನಿ, ಅಂದ್ರೆ ಕೆಐಒಸಿಎಲ್, ಕೇಂದ್ರ ಸರ್ಕಾರದ್ದು, ಗಣಿ ಮಾಡೋಕೆ ಹೊರಟಿದೆ. 2024ರಲ್ಲಿ ಕೇಂದ್ರದ ಉಕ್ಕು ಇಲಾಖೆ ಅದಕ್ಕೆ ಹಸಿರು ನಿಶಾನೆ ತೋರಿಸಿತು, ರಾಜ್ಯದ ಅರಣ್ಯ ಇಲಾಖೆ ಕಾಡಿನ ಜಮೀನು ಹಸ್ತಾಂತರ ಮಾಡಬೇಡಿ ಅಂತು, ಸಾವಿರಾರು ಮರ ಹೋಗುತ್ತೆ ಅಂತ ಊರಿನವರು, ಪರಿಸರದವರು ಬೀದಿಗಿಳಿದ್ರು. ಲೀಸು ಒಬ್ಬರ ಹೆಸರಲ್ಲಿ, ಕಾಡು ಇನ್ನೊಬ್ಬರ ಕೈಲಿ, ಕೆಳಗೆ ಹರಿಯೋ ನೀರು ಮೂರನೆಯವರ ಹೊಲಕ್ಕೆ. ಮೇಷ್ಟ್ರು "ಅಂದ್ರೆ ಶಿವರಾವ್ ಇದ್ದಿದ್ರೆ ದಾರಿಗೆ ಅಡ್ಡ ಕಟ್ತಿದ್ದ" ಅಂದ್ರು. ಎಲ್ರೂ ನಕ್ರು. ಅವನೂ ಮನ್ರೋ ಬಂದಾಗ ಬಿಟ್ಕೊಟ್ಟ ಮೇಷ್ಟ್ರೇ, ಅಂದೆ.